ಏಲಿಯನ್ ಆಂಥಾಲಜಿ: ಆರು ಡಿಸ್ಕ್, ನಾಲ್ಕು ಸಿನಿಮಾ, ಕೊನೆಗೆ ಉಳಿಯೋರು ಯಾರು?

ಈ ಬ್ಲೂ-ರೇ ಸೆಟ್ ಬಂದಿದ್ದು 2010ರಲ್ಲಿ. ನಾನು ತಗೊಂಡಿದ್ದು ಎಷ್ಟೋ ವರ್ಷ ಕಳೆದ ಮೇಲೆ, ಅದೂ ಸೆಕೆಂಡ್ ಹ್ಯಾಂಡ್. ಆರು ಡಿಸ್ಕ್. ನಾಲ್ಕರಲ್ಲಿ ‘ಏಲಿಯನ್’ ಸರಣಿಯ ನಾಲ್ಕು ಸಿನಿಮಾ, ಮನುಷ್ಯರನ್ನು ಕೊಲ್ಲುವ ಅನ್ಯಗ್ರಹದ ಪ್ರಾಣಿಯ ಕಥೆಗಳು, ಪ್ರತಿಯೊಂದಕ್ಕೂ ಎರಡೆರಡು ಆವೃತ್ತಿ. ಉಳಿದ ಎರಡು ಡಿಸ್ಕ್ ತುಂಬಾ ಅವನ್ನು ಮಾಡಿದ ಕಥೆ. ಚಿತ್ರ ಎಷ್ಟು ಸ್ಪಷ್ಟ, ಸೌಂಡ್ ಹೇಗಿದೆ ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನೂ ಸ್ವಲ್ಪ ಹೇಳುತ್ತೇನೆ. ಆದರೆ ನಾನು ಇದನ್ನು ಕೊಂಡಿದ್ದಕ್ಕೆ ಕಾರಣ ಬೇರೆ.

ಹಳೆ ಸೈನ್ಸ್ ಫಿಕ್ಷನ್ ಆಕ್ಷನ್ ಸಿನಿಮಾಗಳ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಸುತ್ತದೆ. ಆಗೆಲ್ಲ ಹೆಂಗಸರು, ಕಪ್ಪು ಜನ, ಎಲ್ಲರೂ ಸಿನಿಮಾದಲ್ಲಿ ಸಹಜವಾಗಿ ಇರುತ್ತಿದ್ದರು, ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ, ಈಗ ಸುಮ್ನೆ ಗಲಾಟೆ ಅನ್ನುವ ವಾದ. ಅದಕ್ಕೆ ಕೊಡುವ ಮೊದಲ ಉದಾಹರಣೆ ಈ ಸರಣಿಯ ನಾಯಕಿ ರಿಪ್ಲಿ. ಎರಡನೇದು ಎರಡನೇ ಸಿನಿಮಾದಲ್ಲಿ ಬರುವ ಹೆಣ್ಣು ಸೈನಿಕಳು ವಾಸ್ಕೆಜ್. ಎರಡೂ ಈ ಡಬ್ಬಿಯೊಳಗೇ ಇವೆ. ಸರಿ, ಒಂದ್ಸಲ ಸಾಲಾಗಿ ಕೂತು ನೋಡಿಯೇ ಬಿಡೋಣ ಅಂದುಕೊಂಡೆ. ಜೊತೆಗೆ ಅಕ್ಕನ ಮಗಳು ಸೇರಿಕೊಂಡಳು. ಕಾಲೇಜು ಓದುವ ಹುಡುಗಿ, ನಾಲ್ಕರಲ್ಲಿ ಒಂದನ್ನೂ ನೋಡಿರಲಿಲ್ಲ. ನಾಲ್ಕು ರಾತ್ರಿ, ರಾತ್ರಿಗೊಂದು ಸಿನಿಮಾ.

ಮುಂದೆ ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಅಂತ ಎಲ್ಲಾ ಹೇಳಿಬಿಡುತ್ತೇನೆ. ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿ ಬನ್ನಿ.

ಮೊದಲನೇದು 1979ರ ‘ಏಲಿಯನ್’, ನಿರ್ದೇಶಕ ರಿಡ್ಲಿ ಸ್ಕಾಟ್. ಡ್ಯಾನ್ ಓಬ್ಯಾನನ್ ಬರೆದ ಮೂಲ ಸ್ಕ್ರಿಪ್ಟ್‌ನಲ್ಲಿ ಒಂದು ಸೂಚನೆ ಇತ್ತು: ಬಾಹ್ಯಾಕಾಶ ಹಡಗಿನ ಸಿಬ್ಬಂದಿಯಲ್ಲಿ ಯಾವ ಪಾತ್ರವನ್ನಾದರೂ ಗಂಡಸು ಮಾಡಬಹುದು, ಹೆಂಗಸೂ ಮಾಡಬಹುದು. ಈ ಒಂದು ಸೂಚನೆಯ ಬಗ್ಗೆ ಜನ ತುಂಬಾ ಬರೆದಿದ್ದಾರೆ. ಅದರ ಫಲ ಪರದೆಯ ಮೇಲೆ ಕಾಣುತ್ತದೆ ಅನ್ನುವುದೂ ನಿಜ. ರಿಪ್ಲಿಯನ್ನು ಯಾರೂ ‘ಹೆಂಗಸಾಗಿಯೂ ಎಷ್ಟು ಚೆನ್ನಾಗಿ ಕೆಲಸ ಮಾಡ್ತಾಳೆ’ ಅಂತ ಹೊಗಳುವುದಿಲ್ಲ. ಅವಳು ನಿಯಮ ಗೊತ್ತಿರುವ ಅಧಿಕಾರಿ. ಮುಖಕ್ಕೆ ಏನೋ ಅಂಟಿಕೊಂಡವನನ್ನು ಒಳಗೆ ಬಿಡುವುದಿಲ್ಲ ಅನ್ನುತ್ತಾಳೆ, ಕ್ವಾರಂಟೈನ್ ನಿಯಮ ಹೇಳುತ್ತಾಳೆ. ಅವಳ ಮಾತು ಕೇಳಿದ್ದರೆ ಸಿನಿಮಾ ಅಲ್ಲೇ ಮುಗಿಯುತ್ತಿತ್ತು. ರಿಪ್ಲಿ ಮಾಡಿದ ಸಿಗೊರ್ನಿ ವೀವರ್‌ಗೆ ಸಿನಿಮಾ ಬಂದಾಗ 29 ವರ್ಷ, ಇಷ್ಟು ದೊಡ್ಡ ಪಾತ್ರ ಮಾಡಿದ್ದು ಅದೇ ಮೊದಲು.

ಆದರೆ ಈ ಸಲ ನಾನು ನೋಡುತ್ತಾ ಕೂತಿದ್ದು ಪಾರ್ಕರ್‌ನನ್ನು. ಯಾಫೆಟ್ ಕೋಟೊ ಮಾಡಿದ ಪಾತ್ರ. ಹಡಗಿನಲ್ಲಿರುವ ಒಬ್ಬನೇ ಕಪ್ಪು ಮನುಷ್ಯ. ಕೆಳಗಿನ ಅಂತಸ್ತಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ಎಲ್ಲರೂ ನಿದ್ದೆಯಿಂದೆದ್ದು ಮೊದಲ ಸಲ ಊಟಕ್ಕೆ ಕೂತಾಗ, ಇನ್ನೂ ಕಥೆಯೇ ಶುರುವಾಗಿರುವುದಿಲ್ಲ, ಅಷ್ಟರಲ್ಲೇ ಅವನು ಬೋನಸ್ ವಿಷಯ ತೆಗೆಯುತ್ತಾನೆ. ನನಗೂ ಎಂಜಿನ್‌ನ ಜೊತೆಗಾರ ಬ್ರೆಟ್‌ಗೂ ನಿಮ್ಮಷ್ಟು ಪಾಲು ಯಾಕಿಲ್ಲ? ಕ್ಯಾಪ್ಟನ್ ಉತ್ತರ, ಕಾಂಟ್ರಾಕ್ಟ್‌ನಲ್ಲಿ ಏನಿದೆಯೋ ಅದು. ಅಷ್ಟೇ. ಆಮೇಲೆ ಯಾವುದೋ ಗ್ರಹದಿಂದ ಸಿಗ್ನಲ್ ಬರುತ್ತದೆ, ಹೋಗಿ ನೋಡಬೇಕು. ಪಾರ್ಕರ್ ಒಲ್ಲೆ ಅನ್ನುತ್ತಾನೆ, ಇದು ಸರಕು ಹಡಗು, ರಕ್ಷಣೆ ಮಾಡೋದು ನಮ್ಮ ಕೆಲಸ ಅಲ್ಲ, ದುಡ್ಡು ಕೊಟ್ಟರೆ ನೋಡೋಣ. ಆಗ ಹಡಗಿನ ವಿಜ್ಞಾನ ಅಧಿಕಾರಿ ಆಶ್ ಕಾಂಟ್ರಾಕ್ಟ್‌ನ ಇನ್ನೊಂದು ಷರತ್ತು ತೆಗೆಯುತ್ತಾನೆ: ಹೋಗದಿದ್ದರೆ ಇರುವ ಪಾಲೂ ಇಲ್ಲ. ಅಂದರೆ ಇಡೀ ಅನಾಹುತ ಶುರುವಾಗೋದು ಅನ್ಯಗ್ರಹದ ಪ್ರಾಣಿಯಿಂದಲ್ಲ, ಸಂಬಳದಿಂದ.

ಒಂದು ಸಣ್ಣ ದೃಶ್ಯ ಇದೆ, ಹಿಂದೆ ನೋಡಿದಾಗ ಗಮನಿಸಿಯೇ ಇರಲಿಲ್ಲ. ರಿಪ್ಲಿ ರಿಪೇರಿ ಎಲ್ಲಿಗೆ ಬಂತು ಅಂತ ಕೇಳಲು ಕೆಳಗೆ ಇಳಿಯುತ್ತಾಳೆ. ಪೈಪಿನಿಂದ ಜೋರಾಗಿ ಹಬೆ ನುಗ್ಗುತ್ತಿರುತ್ತದೆ. ಅವಳು ಮಾತಾಡಿದರೆ ಪಾರ್ಕರ್, ಬ್ರೆಟ್‌ಗೆ ಕೇಳಿಸಲ್ಲ, ಇವರದು ಅವಳಿಗೆ ಕೇಳಿಸಲ್ಲ. ಎರಡೂ ಕಡೆ ಕೂಗಾಟ. ಅವಳು ಬೇಸತ್ತು ಹೋದ ಮೇಲೆ ಪಾರ್ಕರ್ ಕೈ ಚಾಚಿ ಹಬೆ ಬಂದ್ ಮಾಡುತ್ತಾನೆ. ಅಷ್ಟು ಹೊತ್ತೂ ಬಂದ್ ಮಾಡಬಹುದಿತ್ತು! ಮೇಲಿನವರು ಬಂದು ಕೆಲಸ ಎಷ್ಟಾಯ್ತು ಅಂತ ಕೇಳಿದಾಗ ಕೆಳಗಿನವರು ಹೀಗೇ ಮಾಡೋದು, ಇದನ್ನು ಬರೆದವರಿಗೆ ಕೆಲಸದ ಜಾಗ ಗೊತ್ತು. ಈ ಡಬ್ಬಿಯಲ್ಲಿ ಬಣ್ಣದ ಬಗ್ಗೆ, ಹೆಣ್ಣು ಗಂಡಿನ ಬಗ್ಗೆ ಏನೇ ಇರಲಿ, ಯಾರ ಕೈಯಲ್ಲಿ ಸ್ಪ್ಯಾನರ್ ಯಾರ ಕೈಯಲ್ಲಿ ಕಾಂಟ್ರಾಕ್ಟ್ ಅನ್ನುವುದನ್ನು ಮಾತ್ರ ಮೊದಲ ಸಿನಿಮಾ ಬಹಳ ಚೆನ್ನಾಗಿ ಹೇಳುತ್ತದೆ.

‘ಕಪ್ಪು ಮನುಷ್ಯ ಮೊದಲು ಸಾಯ್ತಾನೆ’ ಅಂತ ಹಾರರ್ ಸಿನಿಮಾಗಳ ಬಗ್ಗೆ ಒಂದು ಮಾತಿದೆಯಲ್ಲ, ಅದು ಇಲ್ಲಿ ಸುಳ್ಳು. ಪಾರ್ಕರ್ ಕೊನೆಯ ಮೂವರಲ್ಲಿ ಒಬ್ಬ. ಆಶ್ ಮನುಷ್ಯನೇ ಅಲ್ಲ, ಯಂತ್ರಮಾನವ ಅಂತ ಗೊತ್ತಾಗೋದು ಪಾರ್ಕರ್ ಅವನಿಗೆ ಬಾರಿಸಿ ತಲೆ ಕಳಚಿ ಬಿದ್ದಾಗ. ಮುಖಕ್ಕೆ ಅದು ಅಂಟಿಕೊಂಡು ಮಲಗಿದ್ದ ಸಹೋದ್ಯೋಗಿ ಕೇನ್‌ನನ್ನು ಫ್ರೀಜ್ ಮಾಡಿಬಿಡಿ ಅಂತ ಮೊದಲಿನಿಂದ ಹೇಳುತ್ತಿದ್ದವನೂ ಅವನೇ. ಯಾರೂ ಕೇಳಲಿಲ್ಲ. ಹಾಗಾದರೆ ಅವನು ಸಾಯೋದು ಹೇಗೆ? ಪ್ರಾಣಿ ಇನ್ನೊಬ್ಬ ಸಹೋದ್ಯೋಗಿ ಲ್ಯಾಂಬರ್ಟ್ ಎದುರು ನಿಂತಿರುತ್ತದೆ. ಅವಳು ಭಯಕ್ಕೆ ಅಲ್ಲಾಡುವುದಿಲ್ಲ. ಪಾರ್ಕರ್ ಕೈಯಲ್ಲಿ ಬೆಂಕಿ ಉಗುಳುವ ಯಂತ್ರ ಇದೆ, ಆದರೆ ಹಾರಿಸಿದರೆ ಅವಳೂ ಸುಟ್ಟುಹೋಗುತ್ತಾಳೆ. ಪಕ್ಕಕ್ಕೆ ಸರಿ ಅಂತ ಕೂಗುತ್ತಾನೆ, ಅವಳು ಸರಿಯುವುದಿಲ್ಲ. ಕೊನೆಗೆ ಬೆಂಕಿ ಹಾರಿಸದೆಯೇ ಪ್ರಾಣಿಯ ಮೇಲೆ ನುಗ್ಗುತ್ತಾನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಬ್ಬ ಕಪ್ಪು ಮನುಷ್ಯ ಈ ಸಿನಿಮಾದಲ್ಲಿದ್ದಾನೆ, ಆದರೆ ಮುಖ ಕಾಣಿಸಲ್ಲ. ಪ್ರಾಣಿಯ ವೇಷದೊಳಗೆ ಇದ್ದವರು ಬೊಲಾಜಿ ಬಡೆಜೊ. ನೈಜೀರಿಯಾದವರು, ಕಲೆ ಓದುತ್ತಿದ್ದ ವಿದ್ಯಾರ್ಥಿ, ಎತ್ತರ 6 ಅಡಿ 10 ಇಂಚು. ಲಂಡನ್ನಿನ ಒಂದು ಬಾರ್‌ನಲ್ಲಿ ಸಿನಿಮಾದವರ ಕಣ್ಣಿಗೆ ಬಿದ್ದರಂತೆ. ಪ್ರಾಣಿಯಂತೆ ನಡೆಯಲು ತೈ ಚಿ, ಮೂಕಾಭಿನಯ ಎರಡೂ ಕಲಿತರು. ಸಿನಿಮಾದಲ್ಲಿ ಅವರು ಮಾಡಿದ್ದು ಅದೊಂದೇ ಪಾತ್ರ. ಎಂಟು ವರ್ಷದ ನಂತರ ಬಂದ, ಅನ್ಯಗ್ರಹದ ಬೇಟೆಗಾರನ ಸಿನಿಮಾ ‘ಪ್ರಿಡೇಟರ್’ನಲ್ಲೂ ಇದೇ ಲೆಕ್ಕ. ಅದರ ವೇಷದೊಳಗೆ ಇದ್ದವರು ಏಳು ಅಡಿ ದಾಟಿದ ಕೆವಿನ್ ಪೀಟರ್ ಹಾಲ್, ಅವರೂ ಕಪ್ಪು ನಟ. ಅಲ್ಲಿ ಒಂದು ಸಣ್ಣ ಸಮಾಧಾನ ಇದೆ, ಕೊನೆಗೆ ಬರುವ ಹೆಲಿಕಾಪ್ಟರಿನ ಪೈಲಟ್ ಕೂಡ ಹಾಲ್ ಅವರೇ, ಒಂದು ಕ್ಷಣ ಮುಖ ನೋಡಬಹುದು. ಬಡೆಜೊಗೆ ಅದೂ ಇಲ್ಲ. ಇಬ್ಬರ ನಡಿಗೆಯಿಲ್ಲದೆ ಆ ಪ್ರಾಣಿಗಳು ಬರೀ ರಬ್ಬರ್. ಎಲ್ಲರೂ ಹೊಗಳೋದು ವಿನ್ಯಾಸ ಮಾಡಿದವರನ್ನು.

ಎರಡನೇ ಡಿಸ್ಕ್, 1986ರ ‘ಏಲಿಯನ್ಸ್’, ಜೇಮ್ಸ್ ಕ್ಯಾಮರೂನ್. ನಾಲ್ಕರಲ್ಲಿ ಇದೇ ಅಪ್ಪಟ ಆಕ್ಷನ್ ಸಿನಿಮಾ. ಈ ಪಾತ್ರಕ್ಕೆ ವೀವರ್ ಆಸ್ಕರ್‌ಗೆ ನಾಮಿನೇಟ್ ಆದರು. ಸೈನ್ಸ್ ಫಿಕ್ಷನ್ ಆಕ್ಷನ್‌ನಲ್ಲಿ ಮುಖ್ಯ ಪಾತ್ರ ಮಾಡಿದ ನಟಿಗೆ ಅಂಥದ್ದು ಸಿಗೋದು ಆಗ ಕಂಡುಕೇಳದ ಸಂಗತಿ. ಪ್ರಶಸ್ತಿ ಬಂದಿದ್ದು ಎರಡು, ಸೌಂಡ್ ಎಫೆಕ್ಟ್‌ಗೆ ಒಂದು, ವಿಷುವಲ್ ಎಫೆಕ್ಟ್‌ಗೆ ಒಂದು.

ಈ ಸಲ ರಿಪ್ಲಿ ಜೊತೆ ಹೋಗುವ ಸೈನಿಕರ ಪಡೆಯನ್ನು ನೋಡಿದರೆ ಮೇಲೆ ಹೇಳಿದ ವಾದ ಗೆದ್ದೇಬಿಟ್ಟಿತು ಅನ್ನಿಸುತ್ತದೆ. ಸಾರ್ಜೆಂಟ್ ಏಪೋನ್ ಕಪ್ಪು ಮನುಷ್ಯ, ಮಾಡಿದವರು ಅಲ್ ಮ್ಯಾಥ್ಯೂಸ್, ನಿಜವಾಗಿಯೂ ವಿಯೆಟ್ನಾಂನಲ್ಲಿ ಮೆರೀನ್ ಆಗಿದ್ದವರು. ಆ ಗತ್ತು ಅಭಿನಯದಿಂದ ಬಂದಿದ್ದಲ್ಲ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಫ್ರಾಸ್ಟ್ ಕೂಡ ಕಪ್ಪು ಹುಡುಗ. ಪೈಲಟ್ ಹೆಂಗಸು, ವೈದ್ಯಕೀಯ ನೋಡಿಕೊಳ್ಳುವವಳು ಹೆಂಗಸು. ಮತ್ತೆ ವಾಸ್ಕೆಜ್.

ವಾಸ್ಕೆಜ್ ಬಗ್ಗೆ ಏನು ಹೇಳೋದು? ನಿದ್ದೆಯಿಂದ ಎದ್ದವಳೇ ಕಂಬಿ ಹಿಡಿದು ಪುಲ್-ಅಪ್ ಹೊಡೆಯುತ್ತಾಳೆ. ಜೊತೆಯ ಸೈನಿಕ ಹಡ್ಸನ್ ಕೇಳುತ್ತಾನೆ, ನಿನ್ನನ್ನು ಯಾರಾದರೂ ಗಂಡಸು ಅಂದುಕೊಂಡಿದ್ದುಂಟಾ? ಅವಳು, ಇಲ್ಲ, ನಿನ್ನನ್ನು? ಅಕ್ಕನ ಮಗಳು ಸೋಫಾ ಮೇಲೆ ಹೊರಳಾಡಿ ನಕ್ಕಳು. ಮೈಗೆ ಕಟ್ಟಿಕೊಂಡ ಆ ದೊಡ್ಡ ಗನ್ ಎರಡನೇ ಮಹಾಯುದ್ಧದ ಜರ್ಮನ್ ಮಷಿನ್ ಗನ್ನನ್ನು ಕ್ಯಾಮೆರಾಮನ್‌ಗಳ ಸ್ಟೆಡಿಕ್ಯಾಮ್ ಪಟ್ಟಿಗೆ ಸಿಕ್ಕಿಸಿ ಮಾಡಿದ್ದು. ಪಡೆಯಲ್ಲಿ ಅದನ್ನು ಹೊರುವವರು ಇಬ್ಬರೇ, ಅವಳು ಮತ್ತು ಡ್ರೇಕ್. ನಟರು ತಮ್ಮ ಕವಚಕ್ಕೆ ತಾವೇ ಏನಾದರೂ ಬರೆದುಕೊಳ್ಳಬಹುದಿತ್ತು. ವಾಸ್ಕೆಜ್ ಎದೆಯ ಮೇಲೆ ಸ್ಪ್ಯಾನಿಷ್‌ನಲ್ಲಿ ಒಂದು ಸಾಲಿದೆ, ಅಪಾಯಕ್ಕೆ ಸಾವಿಲ್ಲ ಅನ್ನುವ ಅರ್ಥ. ಬ್ಲೂ-ರೇಯಲ್ಲಿ ನಿಲ್ಲಿಸಿದರೆ ಅಕ್ಷರ ಅಕ್ಷರ ಓದಬಹುದು.

ಅದೇ ಸ್ಪಷ್ಟತೆ ಇನ್ನೊಂದನ್ನೂ ತೋರಿಸುತ್ತದೆ. ವಾಸ್ಕೆಜ್ ಮುಖದ ಬಣ್ಣ ಮೇಕಪ್. ಪಾತ್ರ ಮಾಡಿದ ಜೆನೆಟ್ ಗೋಲ್ಡ್‌ಸ್ಟೀನ್ ಆ ಪಾತ್ರದ ಹಾಗೆ ಲ್ಯಾಟಿನಾ (ಲ್ಯಾಟಿನ್ ಅಮೆರಿಕ ಮೂಲದವಳು) ಅಲ್ಲ, ಅಮೆರಿಕದ ಯಹೂದಿ ನಟಿ. ಚರ್ಮಕ್ಕೆ ಕಂದು ಬಣ್ಣ ಬಳಿದು, ಕಣ್ಣಿಗೆ ಕಪ್ಪು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನಿಲ್ಲಿಸಿದ್ದಾರೆ. ‘ಏಲಿಯನ್ಸ್’ ಅಂದರೆ ಬೇರೆ ದೇಶದಿಂದ ವಲಸೆ ಬಂದವರ ಕಥೆ ಇರಬೇಕು ಅಂದುಕೊಂಡು, ಹೈ ಹೀಲ್ಸ್ ಹಾಕಿಕೊಂಡು ಆಡಿಷನ್‌ಗೆ ಹೋಗಿದ್ದೆ ಅಂತ ಅವರೇ ನಗುತ್ತಾ ಹೇಳಿಕೊಂಡಿದ್ದಾರೆ. ಅದೇ ಜೋಕ್ ಸಿನಿಮಾದಲ್ಲೂ ಇದೆ, ಆದರೆ ಅಲ್ಲಿ ಅದು ವಾಸ್ಕೆಜ್ ಮೇಲೆ: ಇವಳು ಕಾಗದಪತ್ರ ಇಲ್ಲದೆ ಬಂದ ವಲಸೆಗಾರರನ್ನು ಹಿಡಿಯೋ ಕೆಲಸ ಅಂದುಕೊಂಡು ಬಂದಿದ್ದಾಳೆ ಅಂತ. ನಟಿ ತನ್ನ ಬಗ್ಗೆ ಹೇಳಿಕೊಂಡಾಗ ಅದು ತಮಾಷೆ. ಬಣ್ಣ ಬಳಿದ ಮುಖಕ್ಕೆ, ಆ ಜನದ ಹೆಸರಿಟ್ಟು, ಬೇರೆಯವನ ಬಾಯಿಂದ ಹೇಳಿಸಿದಾಗ ಬೇರೆ ಏನೋ ಆಗುತ್ತದೆ, ಅಲ್ವಾ?

ಇಲ್ಲಿ ನನಗೆ ತಟ್ಟನೆ ಹೊಳೆದಿದ್ದು ಒಂದು. ಅದೇ ಹಡಗಿನಲ್ಲಿ, ಊಟದ ಮೇಜಿನಲ್ಲಿ, ಬಿಷಪ್ ಯಂತ್ರಮಾನವ ಅಂತ ರಿಪ್ಲಿಗೆ ಗೊತ್ತಾಗುತ್ತದೆ. ಕಂಪನಿಯ ಕಡೆಯಿಂದ ಬಂದ ಬರ್ಕ್ ಅವನನ್ನು ‘ಸಿಂಥೆಟಿಕ್’ ಅನ್ನುತ್ತಾನೆ. ಬಿಷಪ್ ತುಂಬಾ ಮರ್ಯಾದೆಯಿಂದ, ನನಗೆ ‘ಕೃತಕ ವ್ಯಕ್ತಿ’ ಅನ್ನುವುದು ಇಷ್ಟ ಅನ್ನುತ್ತಾನೆ. ಅಂದರೆ ತನ್ನನ್ನು ಏನಂತ ಕರೆಯಬೇಕು ಅಂತ ಹೇಳುವ ಅವಕಾಶವನ್ನು ಸಿನಿಮಾ ಒಂದು ಯಂತ್ರಕ್ಕೆ ಕೊಟ್ಟಿದೆ. ಹಿಂದಿನ ಆಶ್‌ನಿಂದಾಗಿ ರಿಪ್ಲಿಗೆ ಅವನ ಮೇಲಿರುವ ಸಿಟ್ಟು ನಿಧಾನಕ್ಕೆ ಕರಗಿ, ಕೊನೆಗೆ ಅವನನ್ನು ಮೆಚ್ಚುವವರೆಗೂ ಹೋಗುತ್ತದೆ. ಪೂರ್ವಗ್ರಹ ಹೇಗೆ ಹುಟ್ಟುತ್ತೆ, ಹೇಗೆ ಹೋಗುತ್ತೆ ಅನ್ನುವ ಪಾಠ ಪೂರ್ತಿ ಇದೆ. ಬರೀ ಅದರ ಫಲಾನುಭವಿ ಒಬ್ಬ ಬಿಳಿಯ ರೋಬೋಟ್.

ವಾಸ್ಕೆಜ್‌ಳನ್ನು ಹಾಗಂತ ಬದಿಗೆ ಸರಿಸಲು ನನಗೆ ಮನಸ್ಸಿಲ್ಲ. ಅವಳ ಸಾವನ್ನೇ ನೋಡಿ. ಗಾಳಿ ಕೊಳವೆಯೊಳಗೆ ಕಾಲು ಸುಟ್ಟು ಬಿದ್ದಿದ್ದಾಳೆ. ಅನುಭವವಿಲ್ಲದ ಲೆಫ್ಟಿನೆಂಟ್ ಗೋರ್ಮನ್, ಇಡೀ ಪಡೆ ಸಾಯಲು ಅರ್ಧ ಕಾರಣ ಅವನೇ, ಅವಳಿಗಾಗಿ ವಾಪಸ್ ತೆವಳಿಕೊಂಡು ಬರುತ್ತಾನೆ. ಅವಳು ಬೈದೇ ಬೈಯುತ್ತಾಳೆ. ಬೈಯುತ್ತಲೇ ಅವನ ಕೈಯಲ್ಲಿರುವ ಗ್ರೆನೇಡ್ ಮೇಲೆ ತನ್ನ ಕೈ ಮುಚ್ಚುತ್ತಾಳೆ. ಕ್ಯಾಮೆರಾ ಎರಡು ಕೈಗಳ ಮೇಲೆ ನಿಲ್ಲುತ್ತದೆ. ಈ ನಾಲ್ಕು ಸಿನಿಮಾದಲ್ಲಿ ಬಿಳಿ ಅಧಿಕಾರಿಯೊಬ್ಬ ಕೆಳಗಿನವಳಿಗಾಗಿ ಹಿಂದೆ ತಿರುಗಿ ಬರೋದು ನನಗೆ ನೆನಪಿದ್ದಂತೆ ಇದೊಂದೇ.

ಏಪೋನ್‌ಗೆ ಅಷ್ಟೂ ಸಿಗಲಿಲ್ಲ. ಪ್ರಾಣಿಗಳ ಗೂಡಿನೊಳಗೆ ನಡೆಯುತ್ತಿರುವಾಗ ಗೋರ್ಮನ್ ಹೊರಗೆ ಗಾಡಿಯೊಳಗೆ ಕೂತು ರೇಡಿಯೋದಲ್ಲಿ ಹೇಳುತ್ತಾನೆ, ಗುಂಡು ಹಾರಿಸಬೇಡಿ, ಎಲ್ಲರ ಮ್ಯಾಗಜೀನ್ ವಾಪಸ್ ತಗೊಳ್ಳಿ. ಇಷ್ಟವಿಲ್ಲದಿದ್ದರೂ ಏಪೋನ್ ಸಂಗ್ರಹಿಸುತ್ತಾನೆ. ಆ ಗುಂಡುಗಳ ಚೀಲ ಫ್ರಾಸ್ಟ್ ಕೈಗೆ. ಗಲಾಟೆ ಶುರುವಾದ ತಕ್ಷಣ ಫ್ರಾಸ್ಟ್‌ಗೆ ಬೆಂಕಿ, ಚೀಲಕ್ಕೂ ಬೆಂಕಿ. ಇತ್ತ ಏಪೋನ್ ಕಿವಿಯಲ್ಲಿ ಗೋರ್ಮನ್ ತಡವರಿಸುತ್ತಾ ಏನೋ ಹೇಳುತ್ತಿದ್ದಾನೆ, ಸರಿಯಾಗಿ ಕೇಳಿಸುತ್ತಿಲ್ಲ, ಅದನ್ನು ಕೇಳಿಸಿಕೊಳ್ಳಲು ಒಂದು ಕ್ಷಣ ಗಮನ ತಪ್ಪುತ್ತದೆ, ಮುಗೀತು. ಪಡೆಯ ಇಬ್ಬರೂ ಕಪ್ಪು ಸೈನಿಕರು ಮೊದಲ ಕಾಳಗದಲ್ಲೇ ಹೋದರು, ಅದೂ ಬೇರೆಯವನ ಆದೇಶ ಪಾಲಿಸಿ. ಕೊನೆಗೆ ಉಳಿದವರು ರಿಪ್ಲಿ, ಅಲ್ಲಿ ಸಿಕ್ಕ ಪುಟ್ಟ ಹುಡುಗಿ ನ್ಯೂಟ್, ಸೈನಿಕ ಹಿಕ್ಸ್, ದೇಹ ಎರಡು ತುಂಡಾದ ಅರ್ಧ ಬಿಷಪ್.

ಆವೃತ್ತಿ ಯಾವುದು ನೋಡಬೇಕು ಅಂತ ಕೇಳೋರಿಗೆ: ಥಿಯೇಟರಿನದು 137 ನಿಮಿಷ, ಉದ್ದದ್ದು 154. ಉದ್ದದ್ದರಲ್ಲಿ ರಿಪ್ಲಿ 57 ವರ್ಷ ನಿದ್ದೆ ಮಾಡಿ ಎದ್ದಾಗ ಅವಳ ಮಗಳು ಮುದುಕಿಯಾಗಿ ತೀರಿಹೋಗಿರುವ ಸುದ್ದಿ ಬರುತ್ತದೆ. ಅವಳ ಕೈಗೆ ಕೊಡುವ ಫೋಟೋದಲ್ಲಿ ಇರೋದು ವೀವರ್ ಅವರ ನಿಜವಾದ ತಾಯಿ. ದೃಶ್ಯ ಚೆನ್ನಾಗಿದೆ, ವೀವರ್‌ಗೆ ಅದನ್ನು ಕತ್ತರಿಸಿದ್ದು ಬೇಸರವಾಗಿತ್ತು ಅನ್ನೋದೂ ಗೊತ್ತು. ಆದರೂ ನನಗೆ ಚಿಕ್ಕ ಆವೃತ್ತಿಯೇ ಹೆಚ್ಚು ಇಷ್ಟ. ಒಂದು ಮಗುವನ್ನು ಉಳಿಸಲು ಹೆಂಗಸಿಗೆ ಕಳೆದುಹೋದ ಮಗಳು ಬೇಕು ಅಂತ ಯಾಕೆ? ಗಂಡಸು ಹೀರೋ ಹುಡುಗಿಯೊಬ್ಬಳನ್ನು ಉಳಿಸಿದಾಗ ಯಾರೂ ಕಾರಣ ಕೇಳಲ್ಲ. ಅಕ್ಕನ ಮಗಳು ಒಪ್ಪಲಿಲ್ಲ. “ಮಾಮ, ಅದಿಲ್ದೆ ಇದ್ರೆ ಅವಳು ಬರೀ ಗನ್ ಹಿಡ್ಕೊಂಡು ಓಡಾಡೋಳು ಅಷ್ಟೇ” ಅಂದಳು. ಅದೂ ಸರಿಯೇ ಇರಬಹುದು.

ಇದೇ ಡಿಸ್ಕಿನಲ್ಲಿ ರಿಮೋಟ್ ಕೈಯಲ್ಲಿದ್ದವರಿಗೆ ಒಂದು ಗುಟ್ಟು. ಶುರುವಿನಲ್ಲಿ ರಿಪ್ಲಿಯ ವಿಚಾರಣೆ ನಡೆಯುವಾಗ ಹಿಂದಿನ ಪರದೆಯಲ್ಲಿ ಸತ್ತ ಸಿಬ್ಬಂದಿಯ ಫೋಟೋ, ವಿವರ ಒಂದೊಂದಾಗಿ ಬರುತ್ತವೆ. ಲ್ಯಾಂಬರ್ಟ್ ಬಂದಾಗ ನಿಲ್ಲಿಸಿ. ಹುಟ್ಟಿದಾಗಲೇ ಗಂಡಿನಿಂದ ಹೆಣ್ಣಾಗಿ ಬದಲಾಯಿಸಲಾಗಿದೆ ಅನ್ನುವ ಅರ್ಥದ ಒಂದು ಸಾಲಿದೆ. 1986ರ ಸಿನಿಮಾದಲ್ಲಿ! ಥಿಯೇಟರಿನಲ್ಲಿ ಯಾರೂ ಓದಿರಲು ಸಾಧ್ಯವಿಲ್ಲ. ಯಾರೋ ಪರದೆಗೆ ಅಕ್ಷರ ತುಂಬಿಸುವಾಗ ತಮಾಷೆಗೆ ಬರೆದರೋ, ಮುಂದಿನ ಕಾಲದಲ್ಲಿ ಇದೆಲ್ಲ ಮಾಮೂಲಿ ಅಂತ ಯೋಚಿಸಿ ಬರೆದರೋ. ಇಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ಪ್ರಾತಿನಿಧ್ಯ ಅಂತ ಲೆಕ್ಕಕ್ಕೆ ತಗೊಳ್ಳೋಕೆ ನನಗೆ ಧೈರ್ಯ ಇಲ್ಲ.

ಹಾಗೇ ರಿಪ್ಲಿಗೆ ಕೆಲಸ ಕೊಟ್ಟ ಕಂಪನಿಯ ಹೆಸರು: ವೇಲ್ಯಾಂಡ್-ಯುಟಾನಿ. ಹೆಸರಿನ ಅರ್ಧ ಜಪಾನಿನದ್ದು. ಮುಂದಿನ ಕಾಲದ ದುಡ್ಡೆಲ್ಲ ಜಪಾನಿನ ಕೈಗೆ ಹೋಗುತ್ತೆ ಅನ್ನುವ ಭಯ ಆ ಕಾಲದ ಹಾಲಿವುಡ್‌ನಲ್ಲಿ ಜಾಸ್ತಿ ಇತ್ತು. ಭಯಕ್ಕೆ ಹೆಸರು ಬೇಕಾಯಿತು, ಮುಖ ಬೇಕಾಗಲಿಲ್ಲ. ನಾಲ್ಕು ಸಿನಿಮಾದಲ್ಲಿ ನೆನಪಿಟ್ಟುಕೊಳ್ಳುವಂಥ ಒಂದೇ ಒಂದು ಜಪಾನಿ ಪಾತ್ರ ಇಲ್ಲ.

ಮೂರನೇದು, 1992ರ ‘ಏಲಿಯನ್ 3’. ಡೇವಿಡ್ ಫಿಂಚರ್ ಅವರ ಮೊದಲ ಸಿನಿಮಾ, ಅವರೇ ಇದನ್ನು ತಮ್ಮದು ಅನ್ನಲು ಇಷ್ಟಪಡಲ್ಲ, ಈ ಸೆಟ್‌ನಲ್ಲೂ ಸೇರಿಕೊಂಡಿಲ್ಲ. ಉದ್ದದ ‘ಅಸೆಂಬ್ಲಿ ಕಟ್’ ಸುಮಾರು ಅರ್ಧ ಗಂಟೆ ಜಾಸ್ತಿ, ಅದನ್ನೇ ನೋಡಿ. ಹಿಂದಿನ ಡಿವಿಡಿಯಲ್ಲಿ ಆ ಹೊಸ ದೃಶ್ಯಗಳ ಮಾತು ಗೊಗ್ಗರಾಗಿತ್ತು, ಬ್ಲೂ-ರೇಗೆಂದು ನಟರನ್ನು ಮತ್ತೆ ಕರೆಸಿ ಡಬ್ ಮಾಡಿಸಿದ್ದಾರೆ. ಸೆಟ್ಟಿನಲ್ಲಿ ನಿಜಕ್ಕೂ ದುಡ್ಡಿಗೆ ತಕ್ಕ ಕೆಲಸ ಅಂದರೆ ಇದು.

ಜೈಲು ಗ್ರಹ, ಎಲ್ಲರೂ ಗಂಡಸರು, ತಲೆ ಬೋಳಿಸಿದ ಒಬ್ಬಳೇ ರಿಪ್ಲಿ. ಕೈದಿಗಳ ನಾಯಕ ಡಿಲನ್, ಚಾರ್ಲ್ಸ್ ಡಟನ್ ಮಾಡಿದ ಪಾತ್ರ. ಡಟನ್ ಚಿಕ್ಕ ವಯಸ್ಸಿನಲ್ಲಿ ತಾವೇ ಜೈಲಿನಲ್ಲಿದ್ದವರು, ಅಲ್ಲೇ ನಾಟಕದ ರುಚಿ ಹತ್ತಿಸಿಕೊಂಡು ಮುಂದೆ ಯೇಲ್‌ನಲ್ಲಿ ನಾಟಕ ಓದಿದವರು. ಊಟದ ಮನೆಯಲ್ಲಿ ರಿಪ್ಲಿ ತಾನಾಗಿ ಬಂದು ಅವನ ಮೇಜಿಗೆ ಕೂರುತ್ತಾಳೆ. ನಾನು ಹೆಂಗಸರನ್ನು ಕೊಂದವನು, ಕೆಡಿಸಿದವನು ಅಂತ ಅವನು ಹೇಳುತ್ತಾನೆ, ಹೆದರಿಸುವ ದನಿಯಲ್ಲಲ್ಲ, ಹೆಸರು ಊರು ಹೇಳಿದ ಹಾಗೆ. ಅವಳು ಏಳುವುದಿಲ್ಲ. ಹಾಗಾದರೆ ನನ್ನನ್ನು ಕಂಡರೆ ನಿನಗೇ ಕಷ್ಟ ಆಗ್ತಿರಬೇಕು ಅನ್ನುವ ಹಾಗೆ ಉತ್ತರ ಕೊಡುತ್ತಾಳೆ. ನಾಲ್ಕೂ ಸಿನಿಮಾದಲ್ಲಿ ಇಬ್ಬರು ಸಮಾನರು ಮಾತಾಡಿದ ದೃಶ್ಯ ಅಂತ ಇದ್ದರೆ ಇದು. ಡಿಲನ್‌ಗೆ ದೇವರಿದ್ದಾನೆ, ಪಾಪ ಇದೆ, ಸಿಟ್ಟಿದೆ. ಈ ಸಿನಿಮಾದ ಶುರುವಿನಲ್ಲೇ ಸತ್ತುಹೋಗುವ ನ್ಯೂಟ್ ಮತ್ತು ಹಿಕ್ಸ್ ಶವ ಕುಲುಮೆಗೆ ಬೀಳುವಾಗ ಅವನಾಡುವ ಮಾತು ಸಿನಿಮಾದ ಎದೆ ಬಡಿತ. ಈ ಸೆಟ್‌ನಲ್ಲಿ ಪೂರ್ತಿ ಬರೆದ ಕಪ್ಪು ಪಾತ್ರ ಇವನೊಬ್ಬನೇ ಅನ್ನುತ್ತೇನೆ.

ಕೊನೆಗೆ? ಪ್ರಾಣಿಯನ್ನು ಕಾದ ಸೀಸದಲ್ಲಿ ಮುಳುಗಿಸಬೇಕು, ಯಾರಾದರೂ ಒಬ್ಬರು ಅದನ್ನು ಕೆಳಗೆ ಹಿಡಿದಿಡಬೇಕು. ರಿಪ್ಲಿ ಮೇಲೆ ಹತ್ತುತ್ತಾಳೆ. ಡಿಲನ್ ಕೆಳಗೇ ಉಳಿಯುತ್ತಾನೆ.

ನಾಲ್ಕನೇ ರಾತ್ರಿ, 1997ರ ‘ಏಲಿಯನ್ ರೆಸರೆಕ್ಷನ್’. ಗ್ಯಾರಿ ಡೌರ್ಡನ್ ಮಾಡಿದ ಕ್ರಿಸ್ಟಿ ತೆರೆಯ ಮೇಲೆ ಬಂದು ಐದು ನಿಮಿಷ ಆಗಿರಲಿಲ್ಲ. ಉದ್ದ ಜಡೆ, ತೋಳಿನೊಳಗೆ ಬಚ್ಚಿಟ್ಟ ಎರಡು ಪಿಸ್ತೂಲು, ಎಲ್ಲರಿಗಿಂತ ಸ್ಟೈಲ್. ಅಕ್ಕನ ಮಗಳು ಚಿಪ್ಸ್ ತಿನ್ನೋದು ನಿಲ್ಲಿಸಿ ಕೇಳಿದಳು: “ಮಾಮ, ಇವನು ಯಾರಿಗೋಸ್ಕರ ಸಾಯ್ತಾನೆ?”

ಗಮನಿಸಿ, ‘ಸಾಯ್ತಾನಾ’ ಅಂತ ಕೇಳಲಿಲ್ಲ. ನಾನು ನಾಲ್ಕು ರಾತ್ರಿ ಸುತ್ತಿ ಬಳಸಿ ಹುಡುಕುತ್ತಿದ್ದುದನ್ನು ಅವಳು ಒಂದು ಪ್ರಶ್ನೆಯಲ್ಲಿ ಮುಗಿಸಿದಳು. ಎಷ್ಟು ಮುಖ ಇದೆ ಅಂತ ಎಣಿಸಿದರೆ ಈ ಸೆಟ್ ಆ ಕಾಲಕ್ಕೆ ಫಸ್ಟ್ ಕ್ಲಾಸ್. ಯಾರು ಮೊದಲು ಸಾಯ್ತಾರೆ ಅಂತ ನೋಡಿದರೂ ಪರವಾಗಿಲ್ಲ, ಪಾಸ್. ಯಾರು ಯಾರಿಗಾಗಿ ಸಾಯ್ತಾರೆ ಅಂತ ನೋಡಿದಾಗ ಮಾತ್ರ ಬಣ್ಣ ಎದ್ದು ಕಾಣುತ್ತದೆ. ಪಾರ್ಕರ್ ಲ್ಯಾಂಬರ್ಟ್‌ಗಾಗಿ. ಡಿಲನ್ ರಿಪ್ಲಿಗಾಗಿ, ಇಡೀ ಲೋಕಕ್ಕಾಗಿ ಅಂತಲೂ ಅನ್ನಿ. ಕೆಟ್ಟ ಪಾತ್ರ ಒಂದೂ ಇಲ್ಲ, ಎಲ್ಲರೂ ಒಳ್ಳೆಯವರು, ಧೈರ್ಯವಂತರು. ಬರೆದವರಿಗೆ ಅವರ ಮೇಲೆ ಪ್ರೀತಿ ಇದೆ. ಪ್ರೀತಿಯಿಂದಲೇ ಒಬ್ಬೊಬ್ಬರನ್ನೂ ಬಲಿ ಕೊಟ್ಟಿದ್ದಾರೆ. ಅವರಿಗೆ ನಾಳೆ ಅಂತ ಒಂದನ್ನು ಬರೆಯಲು ಮರೆತಿದ್ದಾರೆ ಅಷ್ಟೇ.

ಕ್ರಿಸ್ಟಿ ಸಾಯೋದು ವ್ರೀಸ್‌ಗಾಗಿ. ವ್ರೀಸ್ ಹಡಗಿನ ಮೆಕ್ಯಾನಿಕ್, ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಗಾಲಿಕುರ್ಚಿಯಲ್ಲಿ ಓಡಾಡುವವನು. ಡೊಮಿನಿಕ್ ಪಿನೋ ಮಾಡಿದ ಪಾತ್ರ. ಹಾಗೆ ನೋಡಿದರೆ ಈ ಸಿನಿಮಾ ಅಂಗವಿಕಲ ಪಾತ್ರದ ವಿಷಯದಲ್ಲಿ ತನ್ನ ಕಾಲಕ್ಕಿಂತ ಮುಂದಿತ್ತು. ಅವನ ಕುರ್ಚಿ ಅಯ್ಯೋ ಪಾಪ ಅನ್ನಿಸಲು ಇಟ್ಟಿದ್ದಲ್ಲ. ಬಂದೂಕಿನ ಬಿಡಿಭಾಗಗಳನ್ನು ಅದರೊಳಗೇ ಅಡಗಿಸಿ ಹಡಗಿನೊಳಗೆ ತರುತ್ತಾನೆ. ಗೆಳೆಯ ಅನ್ನಿಸಿಕೊಂಡ ಜಾನರ್ ತಮಾಷೆಗೆ ಅವನ ಕಾಲಿಗೆ ಚಾಕು ಎಸೆಯುತ್ತಾನೆ, ಇವನಿಗೆ ನೋವಾಗಲ್ಲವಲ್ಲ ಅಂತ. ಮೈ ಜುಮ್ಮೆನ್ನುವ ದೃಶ್ಯ, ಆದರೆ ವ್ರೀಸ್ ತಿರುಗಿ ಬೈಯುತ್ತಾನೆ, ಅಳುತ್ತಾ ಕೂರಲ್ಲ. ಮುಖ್ಯವಾಗಿ, ಕೊನೆಗೆ ಬದುಕಿ ಉಳಿಯುವ ನಾಲ್ವರಲ್ಲಿ ಅವನೂ ಒಬ್ಬ. ಗಾಲಿಕುರ್ಚಿಯವನು ಆಕ್ಷನ್ ಸಿನಿಮಾದ ಕೊನೆವರೆಗೂ ಬದುಕಿರೋದು ಎಷ್ಟು ಸಲ ನೋಡಿದ್ದೀರಿ?

ಆದರೆ ಅದಕ್ಕೆ ಬೆಲೆ ಕಟ್ಟಿದ್ದು ಕ್ರಿಸ್ಟಿ. ವ್ರೀಸ್‌ನನ್ನು ಬೆನ್ನಿಗೆ ಪಟ್ಟಿಯಿಂದ ಬಿಗಿದುಕೊಂಡು ನೀರಿನಡಿ ಈಜುತ್ತಾನೆ, ಏಣಿ ಹತ್ತುತ್ತಾನೆ. ಪ್ರಾಣಿ ಅವನ ಮುಖಕ್ಕೆ ಆಸಿಡ್ ಉಗುಳುತ್ತದೆ, ಕಾಲು ಹಿಡಿದುಕೊಳ್ಳುತ್ತದೆ. ಅದನ್ನು ಗುಂಡಿಟ್ಟು ಕೊಂದರೂ ಹಿಡಿತ ಬಿಡಲ್ಲ, ಹೆಣದ ಭಾರ ಕೆಳಗೆ ಎಳೆಯುತ್ತಿದೆ. ಬೇಡ ಬೇಡ ಅಂತ ವ್ರೀಸ್ ಗೋಗರೆಯುತ್ತಿರುವಾಗಲೇ ಕ್ರಿಸ್ಟಿ ಚಾಕು ತೆಗೆದು ಪಟ್ಟಿ ಕುಯ್ದುಕೊಳ್ಳುತ್ತಾನೆ. ಏನೂ ಮಾತಿಲ್ಲ. ಕೆಳಗೆ ನೀರಿನ ಸದ್ದು.

ನನ್ನ ಸೆಟ್ಟಿನ ನಾಲ್ಕನೇ ಡಿಸ್ಕ್‌ಗೆ ಗೀರು ಬಿದ್ದಿತ್ತು, ಮಾರಿದವರು ಹೇಳಿರಲಿಲ್ಲ. ಸರಿಯಾಗಿ ಆ ಏಣಿಯ ಹತ್ತಿರವೇ ಚಿತ್ರ ಗಟ್ಟಿಯಾಗಿ ನಿಂತುಬಿಟ್ಟಿತು. ಚಾಕು ಕೈಯಲ್ಲಿ, ಪಟ್ಟಿ ಇನ್ನೂ ಕುಯ್ದಿಲ್ಲ. ಎರಡು ಸಲ ಒರೆಸಿ ಹಾಕಬೇಕಾಯಿತು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಆರೂ ಡಿಸ್ಕ್ ಬೆಳಕಿಗೆ ಹಿಡಿದು ನೋಡಿ ತಗೊಳ್ಳಿ.

ಸಿನಿಮಾವಾಗಿ ನಾಲ್ಕನೇದು ಅಷ್ಟಕ್ಕಷ್ಟೇ. ಆದರೆ ಹೆಂಗಸರ ಕಡೆಯಿಂದ ನೋಡಿದರೆ ಸುಳ್ಳು ಹೇಳಬಾರದು, 47 ವರ್ಷದ ನಟಿಯೊಬ್ಬಳು ಹಿಂದೆ ತಿರುಗದೆ ಬೆನ್ನ ಹಿಂದೆ ಎಸೆದ ಬಾಸ್ಕೆಟ್‌ಬಾಲ್ ನಿಜವಾಗಿಯೂ ಬುಟ್ಟಿಗೆ ಬೀಳುವ ದೃಶ್ಯ ಇದೆ. ಗ್ರಾಫಿಕ್ಸ್ ಅಲ್ಲ, ವೀವರ್ ಅವರೇ ಹಾಕಿದ್ದು. ಜಾನರ್ ಮಾಡಿದ ರಾನ್ ಪರ್ಲ್ಮನ್ ಪಾತ್ರ ಮರೆತು ಬೆರಗಾದ ಜಾಗಕ್ಕೆ ಕತ್ತರಿ ಹಾಕಿದ್ದಾರೆ. 1979ರಿಂದ 1997ರವರೆಗೆ 18 ವರ್ಷ ಒಂದು ಹೆಣ್ಣು ಪಾತ್ರ ಇಂಥ ಸರಣಿಯನ್ನು ಹೊತ್ತಿದ್ದು ಸಣ್ಣ ಮಾತಲ್ಲ. ಐದು, ಆರನೇ ಡಿಸ್ಕ್‌ಗಳನ್ನು ಇಡೀ ನೋಡಲು ವಾರಗಟ್ಟಲೆ ಬೇಕು, ನಾನಿನ್ನೂ ಅರ್ಧದಲ್ಲಿದ್ದೇನೆ. ಪಾತ್ರಗಳಿಗೆ ನಟರನ್ನು ಆರಿಸಿದ ಭಾಗಗಳನ್ನಾದರೂ ಬಿಡಬೇಡಿ. ನಾನು ಹೇಳಿದ್ದರಲ್ಲಿ ಎಷ್ಟೋ ವಿಷಯಗಳ ಬೇರು ಅಲ್ಲಿ ಸಿಗುತ್ತದೆ. ತಗೊಳ್ಳಬಹುದಾ ಅಂದರೆ, ಧಾರಾಳವಾಗಿ ತಗೊಳ್ಳಿ.

ನಾಲ್ಕನೇದು ಮುಗಿದಾಗ ತುಂಬಾ ರಾತ್ರಿಯಾಗಿತ್ತು. ಅಕ್ಕನ ಮಗಳು ಮಲಗಲು ಹೋಗದೆ ಮೊದಲ ಡಿಸ್ಕ್ ಮತ್ತೆ ಹಾಕಿದಳು. ಎಲ್ಲರೂ ಎದ್ದು, ಊಟಕ್ಕೆ ಕೂತು, ಒಬ್ಬರ ಮೇಲೊಬ್ಬರು ಮಾತಾಡುತ್ತಾ ನಗುವ ಆ ದೃಶ್ಯ. ಪಾರ್ಕರ್ ಮತ್ತೆ ಬೋನಸ್ ಕೇಳಿದ.

“ಮಾಮ, ಕೊನೆಗೆ ಅದನ್ನ ಕೊಟ್ರಾ?”

“ಎಲ್ಲಿ ಕೊಡ್ತಾರೆ?” ಅಂದೆ. ಅವಳು ಸೌಂಡ್ ಸ್ವಲ್ಪ ಜಾಸ್ತಿ ಮಾಡಿದಳು.